ಅರಕೆರೆಯಿಂದ ಮೈಸೂರಿಗೆ ಸಿನಿಮಾ: ಜೇಬಿಗೆಷ್ಟು ಕತ್ತರಿ?

ಅರಕೆರೆಯಿಂದ ಮನೆಮಂದಿಯೆಲ್ಲ ಮೈಸೂರಿಗೆ ಸಿನಿಮಾಗೆ ಹೊರಟ್ರೆ ದುಡ್ಡು ಎಲ್ಲೆಲ್ಲಿ ಹೋಗುತ್ತೆ? ಬನ್ನಿ, ಲೆಕ್ಕ ಹಾಕೋಣ.

ಮೊದಲು ಬಸ್ಸು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯ್ತಲ್ಲ, ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಚಾರ್ಜಿಲ್ಲ. ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ಇಸ್ಕೊಳ್ಳಿ.

ಆಮೇಲೆ ಸಿನಿಮಾ ಟಿಕೆಟ್. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕ್ತು, ತೆರಿಗೆ ಬೇರೆ. ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು. ಹಾಗಾಗಿ ಹೊರಡೋ ಮುಂಚೆ ದರ ನೋಡ್ಕೊಳ್ಳಿ. ಟಿಕೆಟ್ 100 ರೂಪಾಯಿ ಒಳಗಿದ್ರೆ ಜಿಎಸ್‌ಟಿ ಶೇ 5, ದಾಟಿದ್ರೆ ಶೇ 18. ಆ್ಯಪಲ್ಲಿ ಬುಕ್ ಮಾಡಿದ್ರೆ ಅದರ ಫೀಸು ಮೇಲೆ.

ನಿಜವಾದ ಹೊಡೆತ ಇಂಟರ್ವಲ್ಲಲ್ಲಿ! ಮನೆಯ ಕೋಡುಬಳೆ ಒಳಗೆ ಬಿಡಲ್ಲ ಅನ್ನೋ ಹಕ್ಕು ಥಿಯೇಟರಿಗಿದೆ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ರೆ ಕುಡಿಯೋ ನೀರು ಪುಕ್ಕಟೆ ಕೊಡ್ಲೇಬೇಕು. ಎಳೆಗೂಸಿನ ಊಟ ತಡೆಯಂಗಿಲ್ಲ. ಸಂಕೋಚ ಬೇಡ, ಕೇಳಿ.

"ಆ ದುಡ್ಡಿಗೆ ಮನೇಲೇ ಮುದ್ದೆ, ನಾಟಿಕೋಳಿ ಸಾರು ಆಗ್ತಿತ್ತು" ಅಂತಾರೆ ಕೆಲವರು. "ಅಪರೂಪಕ್ಕೊಂದ್ಸಲ ದೊಡ್ಡ ಪರದೇಲಿ ನೋಡ್ಬೇಕಪ್ಪ" ಅಂತಾರೆ ಇನ್ನು ಕೆಲವರು.

ನಿಮ್ಮ ಓಟು ಯಾವ ಕಡೆ? ಕಾಮೆಂಟಲ್ಲಿ ಹೇಳಿ.