ಸಾಕುನಾಯಿಗಳಿಗೆ ಮನೆಯಲ್ಲಿಯೇ ತಯಾರಿಸಬಹುದಾದ ಆರೋಗ್ಯಕರ ತಿನಿಸುಗಳು

ಪೀಠಿಕೆ

ಮೈಸೂರು ನಗರದ ಬನ್ನಿಮಂಟಪವು ದಸರಾ ಜಂಬೂಸವಾರಿಯು ಅರಮನೆಯಿಂದ ಸುಮಾರು 5 ಕಿ.ಮೀ. ಸಾಗಿ ಬಂದು ಮುಕ್ತಾಯಗೊಳ್ಳುವ ಸ್ಥಳ. ವಿಜಯದಶಮಿಯ ರಾತ್ರಿ ಪಂಜಿನ ಕವಾಯತು ನಡೆಯುವುದೂ ಇಲ್ಲಿಯೇ. ಹಬ್ಬದ ದಿನಗಳಲ್ಲಿ ಸುತ್ತಲಿನ ಮನೆಗಳಿಗೆ ನೆಂಟರಿಷ್ಟರು ಬರುತ್ತಾರೆ. ಸಿಹಿ, ಖಾರದ ಭಕ್ಷ್ಯಗಳು ಸಿದ್ಧವಾಗುತ್ತವೆ. ಜನಸಂದಣಿ ಮತ್ತು ಶಬ್ದಕ್ಕೆ ಬೆದರಿದ ನಾಯಿಯನ್ನು ಸಮಾಧಾನಪಡಿಸಲು ಕೈಗೆ ಸಿಕ್ಕ ಭಕ್ಷ್ಯವನ್ನು ನೀಡುವುದು ಅನೇಕರ ರೂಢಿ. ಪ್ರೀತಿಯಿಂದ ನೀಡಿದ ಈ ತುತ್ತು ಕೆಲವೊಮ್ಮೆ ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಸುರಕ್ಷಿತ ತಿನಿಸುಗಳನ್ನು ಅಡುಗೆಮನೆಯಲ್ಲಿರುವ ಪದಾರ್ಥಗಳಿಂದಲೇ ಅಲ್ಪ ವೆಚ್ಚದಲ್ಲಿ ತಯಾರಿಸಿಕೊಳ್ಳಬಹುದಾಗಿದೆ.

ತಿನಿಸಿನ ಪ್ರಮಾಣ

ತಿನಿಸು ಊಟಕ್ಕೆ ಬದಲಿಯಲ್ಲ. ನಾಯಿಯ ದಿನದ ಒಟ್ಟು ಆಹಾರಶಕ್ತಿಯಲ್ಲಿ ತಿನಿಸುಗಳ ಪಾಲು ಶೇ. 10ನ್ನು ಮೀರಬಾರದು. 10 ಕಿ.ಗ್ರಾಂ. ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕಿಲೋ ಕ್ಯಾಲೊರಿ ಅಗತ್ಯವಿದ್ದು, ಅದರಲ್ಲಿ ತಿನಿಸಿಗೆ ಸುಮಾರು 60 ಕಿಲೋ ಕ್ಯಾಲೊರಿ ಮಾತ್ರ ಸಲ್ಲುತ್ತದೆ. 40 ಗ್ರಾಂ ತೂಕದ ಒಂದು ತುಂಡು ಮೈಸೂರು ಪಾಕ್‌ನಲ್ಲಿ ಸುಮಾರು 200 ಕಿಲೋ ಕ್ಯಾಲೊರಿ ಇರುತ್ತದೆ. 5 ಕಿ.ಗ್ರಾಂ. ತೂಕದ ಪುಟ್ಟ ನಾಯಿಗೆ ಇದು ಸುಮಾರು ಅರ್ಧ ದಿನದ ಆಹಾರಕ್ಕೆ ಸಮ. ಇದಲ್ಲದೆ ತುಪ್ಪದ ಜಿಡ್ಡು ಏಕಾಏಕಿ ಹೆಚ್ಚಾಗಿ ಸೇರಿದಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗುವ ಸಂಭವವಿದೆ.

ನಾಯಿಯ ಪಕ್ಕೆಗಳ ಮೇಲೆ ಮೃದುವಾಗಿ ಕೈಯಾಡಿಸಿದಾಗ ಪಕ್ಕೆಲುಬುಗಳು ಸುಲಭವಾಗಿ ಕೈಗೆ ತಾಗಬೇಕು. ತಾಗದಿದ್ದಲ್ಲಿ ಬೊಜ್ಜು ಬಂದಿದೆಯೆಂದು ತಿಳಿಯಬೇಕು. ಕರ್ನಾಟಕದ ಹೆಮ್ಮೆಯಾದ, 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಅಂಚೆಚೀಟಿಯಲ್ಲಿ ಸ್ಥಾನ ಪಡೆದ ಮುಧೋಳ ತಳಿಯ ನಾಯಿಗೆ ತೆಳುವಾದ ಮೈಕಟ್ಟೇ ಸಹಜ ಲಕ್ಷಣ. ಬಡಕಲಾಗಿದೆಯೆಂದು ಭಾವಿಸಿ ಅದಕ್ಕೆ ತಿನಿಸು ಹೆಚ್ಚಿಸುವುದು ಸರಿಯಲ್ಲ.

ರಾಗಿ–ಸಿಹಿಗುಂಬಳದ ಬಿಲ್ಲೆ

ಹಳೆ ಮೈಸೂರು ಭಾಗದಲ್ಲಿ ನಾಯಿಗೆ ರಾಗಿಮುದ್ದೆ ಹಾಕುವುದು ಹಿಂದಿನಿಂದಲೂ ಬಂದ ಪದ್ಧತಿ. ರಾಗಿಯಲ್ಲಿ ನಾರಿನಂಶ ಹೇರಳವಾಗಿದ್ದು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದ ಅಂಶವಿರುತ್ತದೆ. ಆದರೆ ಮುದ್ದೆಯೊಂದೇ ಪೂರ್ಣ ಆಹಾರವಾಗದು; ನಾಯಿಗೆ ಮಾಂಸ, ಮೊಟ್ಟೆ ಮುಂತಾದವುಗಳ ಸಸಾರಜನಕವೂ ಅಗತ್ಯ. ಈ ಕಾರಣದಿಂದ ಕೆಳಗಿನ ತಯಾರಿಕೆಯಲ್ಲಿ ಮೊಟ್ಟೆಯನ್ನು ಸೇರಿಸಲಾಗಿದೆ.

ಬೇಕಾಗುವ ಪದಾರ್ಥಗಳು: ರಾಗಿಹಿಟ್ಟು 100 ಗ್ರಾಂ, ಬೇಯಿಸಿ ನುರಿದ ಸಿಹಿಗುಂಬಳ 50 ಗ್ರಾಂ, ಕೋಳಿಮೊಟ್ಟೆ 1. ಉಪ್ಪು, ಸಕ್ಕರೆ, ಬೆಲ್ಲ ಅಥವಾ ಮಸಾಲೆ ಸೇರಿಸಬಾರದು.

ತಯಾರಿಸುವ ವಿಧಾನ:

1. ಮೂರನ್ನೂ ಕಲಸಿ ಗಟ್ಟಿಯಾದ ಹಿಟ್ಟು ಮಾಡಿಕೊಳ್ಳುವುದು. ಅಗತ್ಯವಿದ್ದಲ್ಲಿ ಒಂದೆರಡು ಚಮಚ ನೀರು ಸೇರಿಸಬಹುದು.
2. ಹಿಟ್ಟನ್ನು 40 ಸಮಭಾಗ ಮಾಡಿ ಪುಟ್ಟ ಬಿಲ್ಲೆಗಳಾಗಿ ತಟ್ಟುವುದು.
3. ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಆವಿಯಲ್ಲಿ ಬೇಯಿಸುವುದು.
4. ನಂತರ ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಗರಿಯಾಗುವವರೆಗೆ ಸುಡುವುದು.
5. ಪೂರ್ಣ ಆರಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿರಿಸುವುದು. ಐದು ದಿನಗಳೊಳಗೆ ಬಳಸತಕ್ಕದ್ದು. ಬೂಷ್ಟು ಕಂಡುಬಂದಲ್ಲಿ ಇಡೀ ಡಬ್ಬಿಯ ತಿನಿಸನ್ನು ಎಸೆಯತಕ್ಕದ್ದು.

ಒಂದು ಬಿಲ್ಲೆಯಲ್ಲಿ ಸುಮಾರು 10 ಕಿಲೋ ಕ್ಯಾಲೊರಿ ಇರುತ್ತದೆ. ದಿನವೊಂದಕ್ಕೆ ಬೇರೆ ತಿನಿಸು ಕೊಡದಿದ್ದಲ್ಲಿ 5 ಕಿ.ಗ್ರಾಂ. ತೂಕದ ನಾಯಿಗೆ 3, 10 ಕಿ.ಗ್ರಾಂ.ಗೆ 6 ಹಾಗೂ 25 ಕಿ.ಗ್ರಾಂ.ಗೆ 12 ಬಿಲ್ಲೆಗಳು ಗರಿಷ್ಠ ಮಿತಿ. ತರಬೇತಿಗಾಗಿ ಬಳಸುವಾಗ ಒಂದು ಬಿಲ್ಲೆಯನ್ನು ನಾಲ್ಕು ಚೂರು ಮಾಡುವುದು ಉತ್ತಮ. ನಾಯಿಯು ತಿನಿಸಿನ ಗಾತ್ರಕ್ಕಿಂತ ಅದು ದೊರೆತ ಸಂದರ್ಭವನ್ನು ಗುರುತಿಸುತ್ತದೆ.

ಇತರ ಸರಳ ತಿನಿಸುಗಳು

ಉಪ್ಪಿಲ್ಲದೆ ಬೇಯಿಸಿ ಮೂಳೆ ತೆಗೆದ ಕೋಳಿಮಾಂಸದ ಚೂರುಗಳು, ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಗೆಣಸು, ಬೀಜ ತೆಗೆದ ಸೇಬು ಇವುಗಳನ್ನು ಚಿಕ್ಕ ಹೋಳುಗಳಾಗಿ ನೀಡಬಹುದು. ವಯಸ್ಕ ನಾಯಿಗಳಲ್ಲಿ ಅನೇಕವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲವಾದ್ದರಿಂದ ಹಾಲಿಗಿಂತ ಒಂದೆರಡು ಚಮಚ ಸಿಹಿಯಿಲ್ಲದ ಮೊಸರು ಲೇಸು. ಯಾವುದೇ ಹೊಸ ತಿನಿಸನ್ನು ಮೊದಲ ದಿನ ಅಲ್ಪವಾಗಿ ಕೊಟ್ಟು, ವಾಂತಿ, ಭೇದಿ ಅಥವಾ ತುರಿಕೆ ಕಾಣಿಸುವುದೇ ಎಂದು ಗಮನಿಸಬೇಕು.

ಕೊಡಲೇಬಾರದ ಪದಾರ್ಥಗಳು

* ದ್ರಾಕ್ಷಿ ಮತ್ತು ಒಣದ್ರಾಕ್ಷಿ: ಮೂತ್ರಪಿಂಡಗಳು ವಿಫಲವಾಗುವ ಸಂಭವವಿದೆ. ಇಷ್ಟು ಪ್ರಮಾಣ ಸುರಕ್ಷಿತವೆಂದು ಹೇಳಲಾಗದು. ಕೇಸರಿಬಾತ್, ಪಾಯಸ, ಲಾಡುಗಳಲ್ಲಿ ಒಣದ್ರಾಕ್ಷಿ ಇರುವುದನ್ನು ಮರೆಯಬಾರದು.
* ಈರುಳ್ಳಿ, ಬೆಳ್ಳುಳ್ಳಿ: ಹಸಿಯಾಗಲಿ, ಬೆಂದದ್ದಾಗಲಿ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಲಕ್ಷಣಗಳು ಕೆಲವು ದಿನಗಳ ನಂತರ ಕಾಣಿಸಬಹುದು. ಉಳಿದ ಸಾರು, ಬಿರಿಯಾನಿ, ಉಪ್ಪಿಟ್ಟು ಈ ಕಾರಣದಿಂದ ಸಲ್ಲದು.
* ಚಾಕೊಲೇಟ್, ಕಾಫಿ: ಹೃದಯ ಮತ್ತು ನರಮಂಡಲಕ್ಕೆ ಹಾನಿಕರ. ಚಾಕೊಲೇಟ್ ಕಪ್ಪಾದಷ್ಟೂ ವಿಷ ಹೆಚ್ಚು.
* ಕ್ಸೈಲಿಟಾಲ್: ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಕಡಲೆಕಾಯಿ ಬೆಣ್ಣೆ ಮುಂತಾದವುಗಳಲ್ಲಿರುವ ಈ ಸಿಹಿಕಾರಕವು ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸುತ್ತದೆ.
* ಬೆಂದ ಮೂಳೆ: ಚೂಪಾಗಿ ಸೀಳಿ ಗಂಟಲು ಮತ್ತು ಕರುಳಿಗೆ ಗಾಯ ಮಾಡುತ್ತದೆ.

ಆಕಸ್ಮಿಕವಾಗಿ ತಿಂದಲ್ಲಿ

ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಹತ್ತಿರದ ಪಶುವೈದ್ಯರನ್ನು ಸಂಪರ್ಕಿಸಬೇಕು. ತಿಂದ ಪದಾರ್ಥ, ಅಂದಾಜು ಪ್ರಮಾಣ, ತಿಂದ ಸಮಯ ಹಾಗೂ ನಾಯಿಯ ತೂಕವನ್ನು ತಿಳಿಸಬೇಕು. ಪೊಟ್ಟಣವಿದ್ದಲ್ಲಿ ಜೊತೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಅಪಾಯಕಾರಿ.

ಸಾರ್ವಜನಿಕರ ಗಮನಕ್ಕೆ

ಮಧುಮೇಹ, ಮೂತ್ರಪಿಂಡ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆಯಿರುವ ನಾಯಿಗಳಿಗೆ ಹಾಗೂ ಮರಿಗಳಿಗೆ ಪಶುವೈದ್ಯರ ಸಲಹೆಯಂತೆ ಮಾತ್ರ ತಿನಿಸು ನೀಡತಕ್ಕದ್ದು. ಹಬ್ಬದ ಸಮಯದಲ್ಲಿ ಬಿಲ್ಲೆಗಳ ಡಬ್ಬಿಯೊಂದನ್ನು ಮೊದಲೇ ಸಿದ್ಧವಾಗಿರಿಸಿ, ಮಕ್ಕಳು ಮತ್ತು ಅತಿಥಿಗಳು ಅದರಿಂದಲೇ ನೀಡುವಂತೆ ಮನೆಯವರು ತಿಳಿಹೇಳುವುದು ಸೂಕ್ತ.