ಹಾರುತ್ತಲೇ ನಿಂತುಬಿಡುವ ಪುಟ್ಟ ಎಂಜಿನ್

ಎನ್.ಸಿ.ಸಿ. ಏರ್‌ವಿಂಗ್ ಸೇರಿದ ಮಗನಿದ್ದರೆ ಈ ಗೋಳು ನಿಮಗೂ ಗೊತ್ತಿದ್ದೀತು. ನೆಲದ ಮೇಲೆ ಗುಂಯ್‌ಗುಡುವ ಮಾದರಿ ವಿಮಾನದ ಗ್ಲೋ ಎಂಜಿನ್ ಮೇಲೇರುತ್ತಲೇ ಗಪ್‌ಚಿಪ್! ತಿಂಗಳುಗಟ್ಟಲೆ ಬಾಲ್ಸಾ ಕಟ್ಟಿಗೆ ಅಂಟಿಸಿ ಮಾಡಿದ್ದು ಕ್ಷಣದಲ್ಲಿ ಚೂರು. ಹೊಸ ಎಂಜಿನ್ನಿಗೆ ದುಡ್ಡು ಕೇಳಿದರೆ ತಟ್ಟನೆ ಕೊಡಬೇಡಿ. ಹೆಚ್ಚಿನ ಸಲ ಇಂಧನ ಸಾಲದೆಯೇ ಹೀಗಾಗುವುದು. ಮೂತಿ ಮೇಲಾದಾಗ ಅದು ಎಂಜಿನ್ನಿಗೆ ಸರಿಯಾಗಿ ಏರದು.

ಹಾರಿಸುವ ಮೊದಲು ಒಬ್ಬರು ವಿಮಾನವನ್ನು ಹಿಂದಿನಿಂದ ಭದ್ರವಾಗಿ ಹಿಡಿದು, ಎಂಜಿನ್ ಓಡುತ್ತಿರುವಾಗಲೇ ಮೂತಿ ಎತ್ತಿ ನೋಡಲಿ. ಸದ್ದು ಸೊರಗಿದರೆ ಇಂಧನದ ಸೂಜಿತಿರುಪನ್ನು ತುಸುವೇ ಸಡಿಲಿಸಬೇಕು. ಆದರೂ ನಿಂತರೆ ಟ್ಯಾಂಕಿನ ಕೊಳವೆ ನೋಡಿ: ಸೂಜಿಮೊನೆಯಷ್ಟು ತೂತಿದ್ದರೂ ಗಾಳಿಗುಳ್ಳೆ ಸೇರುತ್ತೆ.

ಇಂಧನದಲ್ಲಿ ಮೆಥನಾಲ್ ಜೊತೆ ಸಾಮಾನ್ಯವಾಗಿ ಹರಳೆಣ್ಣೆಯೂ ಇರುತ್ತೆ (ಹೌದು, ನಮ್ಮ ಹರಳೆಣ್ಣೆಯೇ!). ಮೆಥನಾಲ್ ತೇವ ಹೀರುತ್ತದೆ, ಮುಚ್ಚಳ ಬಿಗಿಯಾಗಿರಲಿ. ಅದು ವಿಷ ಕೂಡ; ಡಬ್ಬಿ ಅಡುಗೆಮನೆಯ ಹತ್ತಿರವೂ ಸುಳಿಯಬಾರದು.