ಅಂಕಿಯಲ್ಲಿ ಅಡಗಿದ ಬಣ್ಣ

ಕಮಾಂಡ್ ಲೈನಿನ ಪ್ರೋಗ್ರಾಮೊಂದು ತೆರೆಯ ಮೇಲೆ ಕೆಂಪಕ್ಷರದಲ್ಲಿ ತೋರಿಸಿದ ದೋಷವರದಿಯನ್ನು ಫೈಲಿಗೆ ಇಳಿಸಿ ನೋಡಿದರೆ, ಕೆಂಪು ಮಾಯವಾಗಿ, ಅದರ ಸ್ಥಾನದಲ್ಲಿ ಚೌಕಾವರಣವೊಂದೂ 31 ಎಂಬ ಸಂಖ್ಯೆಯೂ ‘ಎಮ್’ ಎಂಬ ರೋಮನ್ ಅಕ್ಷರವೂ ಮತ್ತೆ ಮತ್ತೆ ಕಾಣುತ್ತವೆ, ಇದು ವೈರಸ್ಸಿನ ಕೆಲಸವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಅಲ್ಲ. ಕಂಪ್ಯೂಟರಿನಲ್ಲಿ ಅರ್ಥವಾಗದ್ದಕ್ಕೆಲ್ಲ ವೈರಸ್ಸನ್ನು ಹೊಣೆಮಾಡುವುದು ಗ್ರಹಣಕ್ಕೆ ರಾಹುವನ್ನು ಹೊಣೆಮಾಡಿದಷ್ಟೇ ಅವಿಚಾರದ ಮಾತು; ಆ ಅವಿಚಾರದಿಂದ ಒಂದು ರಮಣೀಯವಾದ ವ್ಯವಸ್ಥೆ ನಮ್ಮ ಕಣ್ಣಿಗೆ ಮರೆಯಾಗಿಬಿಡುತ್ತದೆ.

ಪ್ರೋಗ್ರಾಮು ಬಣ್ಣವನ್ನು ಕಳುಹಿಸುವುದೇ ಇಲ್ಲ. ಟರ್ಮಿನಲ್ಲಿಗೆ ಹರಿದುಬರುವುದು ಅಕ್ಷರಗಳ ಸಾಲು ಮಾತ್ರ. ಅದರ ನಡುವೆ ‘ಎಸ್ಕೇಪ್’ ಎಂಬ, ಆಸ್ಕಿ ಕೋಷ್ಟಕದಲ್ಲಿ 27ರ ಬೆಲೆಯುಳ್ಳ ಅಗೋಚರ ಸಂಜ್ಞೆ ಬಂದೊಡನೆ, ಮುಂದಿನದು ತೋರಿಸಬೇಕಾದ ಪಠ್ಯವಲ್ಲ, ತಾನು ಪಾಲಿಸಬೇಕಾದ ಆದೇಶ ಎಂದು ಟರ್ಮಿನಲ್ ತಿಳಿಯುತ್ತದೆ. ಓದುಗರು ಕಂಡ ಚೌಕಾವರಣ, 31, ‘ಎಮ್’ ಸೇರಿದುದು ಅಂಥದೊಂದು ಆದೇಶವೇ; ಅದರಲ್ಲಿ 30ರಿಂದ 37ರವರೆಗಿನ ಅಂಕಿಗಳು ಅಕ್ಷರದ ಬಣ್ಣಕ್ಕೆ, 40ರಿಂದ 47ರವರೆಗಿನವು ಹಿನ್ನೆಲೆಗೆ. ಈ ಎಂಟರ ಏರ್ಪಾಡನ್ನು ಎಷ್ಟು ಸಲ ನೆನೆದರೂ ನನಗೆ ಹರ್ಷವೇ. ಕೆಂಪಿಗೆ 1, ಹಸುರಿಗೆ 2, ನೀಲಿಗೆ 4 ಎಂದಿಟ್ಟುಕೊಂಡು 30ಕ್ಕೆ ಕೂಡಿಸುತ್ತ ಹೋಗಿರಿ: ಕೆಂಪೂ ಹಸುರೂ ಸೇರಿದ 33 ಹಳದಿ, ಕೆಂಪೂ ನೀಲಿಯೂ ಸೇರಿದ 35 ಮೆಜೆಂಟಾ, ಹಸುರೂ ನೀಲಿಯೂ ಸೇರಿದ 36 ಸಯಾನ್, ಮೂರೂ ಕೂಡಿದ 37 ಬಿಳಿ, ಒಂದೂ ಕೂಡದ 30 ಕಪ್ಪು. ಬೆಳಕಿನ ಮಿಶ್ರಣದ ನಿಯಮವೇ ಇಲ್ಲಿ ಶಾಲಾಬಾಲಕನ ಸಂಕಲನವಾಗಿ ಇಳಿದುಬಂದಿದೆ! ಆದರೆ 31 ಎಂದರೆ ಯಾವ ಛಾಯೆಯ ಕೆಂಪು ಎಂಬುದನ್ನು ನಿರ್ಧರಿಸುವ ಅಧಿಕಾರ ಪ್ರೋಗ್ರಾಮಿನದಲ್ಲ, ಟರ್ಮಿನಲ್ಲಿನದು.

1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ಪ್ರಸಿದ್ಧ ಟರ್ಮಿನಲ್ ವಿಟಿ100 ಏಕವರ್ಣದ್ದು; ಆದರೂ ಅದು ಇದೇ ರೂಪದ ಆದೇಶಗಳನ್ನು ಬಲ್ಲುದಾದುದರಿಂದ, ತನಗೆ ಗುರುತಿಲ್ಲದ 31ನ್ನು ಸದ್ದಿಲ್ಲದೆ ದಾಟಿ, ಪಠ್ಯವನ್ನು ಶುದ್ಧವಾಗಿ ತೋರಿಸುತ್ತಿತ್ತು. ಈ ಭಾಷೆಯನ್ನೇ ಅರಿಯದ ಟರ್ಮಿನಲ್ಲಿಗೆ ಆ ಸೌಜನ್ಯ ಸಾಧ್ಯವಿಲ್ಲ; ಫೈಲಂತೂ ಬಂದುದನ್ನು ಬಂದಂತೆಯೇ ಇಟ್ಟುಕೊಳ್ಳುತ್ತದೆ. ಆದಕಾರಣ ವಿವೇಕವುಳ್ಳ ಉಪಕರಣವು ಬಣ್ಣದ ಆದೇಶ ಹೊರಡಿಸುವ ಮುನ್ನ, ಎದುರಿಗಿರುವುದು ಟರ್ಮಿನಲ್ಲೇ ಅಲ್ಲವೇ ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತದೆ. ಹೌದಾದರೆ, ‘ಟರ್ಮ್’ ಎಂಬ ಚರಾಂಶದಲ್ಲಿರುವ ಹೆಸರನ್ನು ಹಿಡಿದು, ಟರ್ಮಿನ್ಫೋ ಎಂಬ ಕೋಶದಲ್ಲಿ ಅದಕ್ಕೆ ಎಂಟು ಬಣ್ಣವೋ, 256ವೋ, ಒಂದೂ ಇಲ್ಲವೋ ಎಂದು ನೋಡಿಕೊಳ್ಳುತ್ತದೆ. ಓದುಗರ ಪ್ರೋಗ್ರಾಮು ಮೊದಲನೆಯ ಪ್ರಶ್ನೆಯನ್ನೇ ಕೇಳಿದಂತಿಲ್ಲ, ಅಥವಾ ಬಣ್ಣ ಕೊಟ್ಟೇ ತೀರಬೇಕೆಂದು ಯಾರೋ ಅದಕ್ಕೆ ವಿಧಿಸಿರಬೇಕು. ಪರಿಹಾರ ಸುಲಭ: ‘ನೋ_ಕಲರ್’ ಎಂಬ ಚರಾಂಶಕ್ಕೆ ಏನಾದರೊಂದು ಬೆಲೆಯನ್ನು ಕೊಟ್ಟಿದ್ದರೆ ಬಣ್ಣ ಸೇರಿಸಕೂಡದೆಂಬ, 2017ರಲ್ಲಿ ಮುಂದಿಟ್ಟ ಸಂಪ್ರದಾಯವನ್ನು ಈಗ ಅನೇಕ ಉಪಕರಣಗಳು ಮನ್ನಿಸುತ್ತವೆ.